ನನ್ನ ಹೆಂಡತಿಯ ವಯಸ್ಸು ನಲವತ್ತೇಳೋ ಅರವತ್ತೆರಡೋ

ಹಿರಿಯರ ಕಣ್ಣಿನ ಚಿಕಿತ್ಸಾ ಯೋಜನೆಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ಹೆಂಡತಿ ಹದಿನೈದು ವರ್ಷ ಕದ್ದಿದ್ದಾಳೆಂದು ತಮ್ಮ ಕಚೇರಿಯಿಂದ ನೋಟೀಸು ಬಂದಿದೆ. ನಲವತ್ತೇಳರ ಹೆಂಗಸು ಅರವತ್ತೆರಡು ಎಂದು ನಂಬಿಸಿ, ಅರವತ್ತು ತುಂಬಿದವರಿಗೆಂದೇ ಇಟ್ಟ ಸೂಜಿಮದ್ದನ್ನು ಒಂದು ಸಲ ಕಣ್ಣಿಗೆ ಹಾಕಿಸಿಕೊಂಡಿದ್ದಾಳಂತೆ. ಆದಕಾರಣ ಬಾಕಿ ಎರಡು ಸೂಜಿಯನ್ನು ತಡೆಹಿಡಿಯಲಾಗಿದೆ. ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಲಿಖಿತ ಸಮಜಾಯಿಷಿ ಕೊಡತಕ್ಕದ್ದು. ವಿಚಾರಣೆ ಹತ್ತು ವಾರದ ನಂತರ. ಸಮಜಾಯಿಷಿಯನ್ನು ತಮ್ಮ ಕಚೇರಿಯ ಬಾಗಿಲಲ್ಲಿರುವ ಡಬ್ಬಿಗೆ ಹಾಕಿ ಬಂದೆ. ಆದರೆ ಆ ಡಬ್ಬಿಯ ಬೀಗಕ್ಕೆ ತುಕ್ಕು ಹಿಡಿದಿರುವುದನ್ನು ನೋಡಿದ ಮೇಲೆ, ಇನ್ನೊಂದು ಪ್ರತಿಯನ್ನು ಪತ್ರಿಕೆಗೆ ಕಳಿಸುವುದು ಒಳ್ಳೆಯದು ಅನ್ನಿಸಿತು.

ನಾನು ದರ್ಜಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಇಸ್ತ್ರಿ ಅಂಗಡಿಗೂ ಬೀಗ ರಿಪೇರಿಯವರಿಗೂ ನಡುವೆ, ಎರಡು ಮಿಷನ್ನು ಹಿಡಿಸುವಷ್ಟು ಜಾಗ. ಒಂದು ಮಿಷನ್ನಿನ ಮೇಲೆ ನಾನು. ಬಾಗಿಲ ಪಕ್ಕದ ಸ್ಟೂಲಿನ ಮೇಲೆ ನನ್ನ ಹೆಂಡತಿ. ಅವಳು ಕಾಜಾ ಹಾಕುವವಳು. ಅಂದರೆ ಗುಂಡಿ ತೂರುವ ಕಂಡಿಯ ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತ ಕೈಯಲ್ಲಿ ಹೊಲಿಗೆ ಹಾಕುವವಳು. ಇಪ್ಪತ್ತೈದು ವರ್ಷದಿಂದ ಈ ಊರಿನ ಎಷ್ಟೋ ಜನ ಅವಳು ಹಾಕಿದ ಕಾಜಾದಲ್ಲಿ ಗುಂಡಿ ಸಿಕ್ಕಿಸಿಕೊಂಡು ಕೆಲಸಕ್ಕೆ ಹೋಗಿದ್ದಾರೆ. ತಾವೂ ಹೋಗಿರಬಹುದು.

ಮೂರು ವರ್ಷದ ಕೆಳಗೆ ಅವಳು, "ರೀ, ಕಪ್ಪು ಬಟ್ಟೆ ಮೇಲೆ ಕಪ್ಪು ದಾರ ಕಾಣ್ತಾನೇ ಇಲ್ಲ," ಎಂದಳು. ನಾನು ಬಲ್ಬು ಬದಲಾಯಿಸಿದೆ. ಆರು ತಿಂಗಳಾದ ಮೇಲೆ ನೀಲಿಯೂ ಕಾಣುತ್ತಿಲ್ಲ ಎಂದಳು. ಸ್ಟೂಲನ್ನು ಬಾಗಿಲಿನ ಹತ್ತಿರಕ್ಕೆ ಸರಿಸಿದೆವು. ಆಮೇಲೆ ದೊಡ್ಡ ಕಣ್ಣಿನ ಸೂಜಿ ತಂದೆ. ಆಮೇಲೆ ಬಣ್ಣದ ಬಟ್ಟೆಯೆಲ್ಲ ನಾನಿಟ್ಟುಕೊಂಡು, ಬಿಳಿ ಅಂಗಿ ಮಾತ್ರ ಅವಳಿಗೆ ಕೊಟ್ಟೆ. ಬಲ್ಬು, ಸ್ಟೂಲು, ಸೂಜಿ, ಬಟ್ಟೆ ಎಲ್ಲವನ್ನೂ ಬದಲಾಯಿಸಿದೆವು, ಕಣ್ಣೊಂದನ್ನು ತೋರಿಸಲಿಲ್ಲ. ಯಾಕೆ ತೋರಿಸಲಿಲ್ಲ ಎಂದು ಕೇಳುವ ಹಕ್ಕು ತಮಗಿದೆ. ಒಂದು ದಿನ ಅಂಗಡಿ ಮುಚ್ಚಿದರೆ ಆ ದಿನದ ಒಲೆ ಹೇಗೆ ಹೊತ್ತಿಸುವುದೆಂದು ಯೋಚಿಸಬೇಕಾದ ಮನೆಯಲ್ಲಿ ಕಣ್ಣು, ಹಲ್ಲು, ಮಂಡಿ ಎಲ್ಲವೂ ಸರದಿಯಲ್ಲಿ ನಿಂತಿರುತ್ತವೆ. ಬೊಬ್ಬೆ ಹಾಕಿದ್ದಕ್ಕೆ ಮೊದಲು ಮದ್ದು. ಕಣ್ಣು ನೋಯದೆ ಹೋಗುವಂಥದ್ದು, ಅದು ಬೊಬ್ಬೆ ಹಾಕುವುದಿಲ್ಲ.

ಕೊನೆಗೆ ಒಂದು ಸಂಜೆ ಅವಳು ಕಾಜಾವನ್ನು ಅಂಗಿಯ ಎಡಗಡೆಗೆ ಹಾಕುವ ಬದಲು ಜೇಬಿನ ಬಾಯಿಗೇ ಹಾಕಿಬಿಟ್ಟಳು. ಆಗ ಧರ್ಮಾಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರಮ್ಮ ರಕ್ತ ನೋಡಿ, ಕಣ್ಣಿಗೆ ದೀಪ ಹಿಡಿದು, ಸಕ್ಕರೆ ಕಾಯಿಲೆ ಬಂದು ಏಳೆಂಟು ವರ್ಷವಾದರೂ ಆಗಿದೆ ಎಂದರು. "ಎಡಗಣ್ಣಿನ ಒಳಪದರ ಊದಿಕೊಂಡಿದೆ. ಬಲಗಣ್ಣು ಹೋದ ಹಾಗೇನೇ. ಎಡಗಣ್ಣಿಗೆ ತಿಂಗಳಿಗೊಂದರಂತೆ ಮೂರು ಸೂಜಿ ಬೀಳಬೇಕು. ನಡುವೆ ತಪ್ಪಿಸಬೇಡಿ ಅಪ್ಪ. ತಪ್ಪಿಸಿದರೆ ಹೋದದ್ದು ವಾಪಸ್ ಬರಲ್ಲ." ಆ ಸೂಜಿ ಅವರಲ್ಲಿ ಇರಲಿಲ್ಲ. ತಮ್ಮ ಯೋಜನೆಯ ಕೇಂದ್ರಕ್ಕೆ ಹೋಗಲು ಚೀಟಿ ಬರೆದುಕೊಟ್ಟರು.

ಮೊದಲ ಸೂಜಿಗೆ ನಾನು ಜೊತೆಗೆ ಹೋಗಲಿಲ್ಲ. ಶಾಲೆಗಳು ತೆರೆಯುವ ಕಾಲ, ಮಿಷನ್ನಿನಿಂದ ಏಳುವ ಹಾಗಿರಲಿಲ್ಲ. ಇಸ್ತ್ರಿ ಅಂಗಡಿಯ ಅಕ್ಕ ಅವಳನ್ನು ಕರೆದುಕೊಂಡು ಹೋದರು. ನನ್ನ ಹೆಂಡತಿಗೆ ಜನನ ಪತ್ರವಿಲ್ಲ. ಅವಳು ಹುಟ್ಟಿದ ಮನೆಯಲ್ಲಿ ಮಗು ಬದುಕಿತೇ ಎಂದು ನೋಡುತ್ತಿದ್ದರೇ ಹೊರತು ಯಾವತ್ತು ಹುಟ್ಟಿತೆಂದು ಬರೆದಿಡುತ್ತಿರಲಿಲ್ಲ. ಪತ್ರವಿಲ್ಲದವರ ವಯಸ್ಸನ್ನು ಕೇಂದ್ರದ ವೈದ್ಯರು ಪರೀಕ್ಷಿಸಿ ಅಂದಾಜು ಮಾಡತಕ್ಕದ್ದು ಎಂದು ತಮ್ಮದೇ ನಿಯಮವಿದೆ. ಹಾಗಾಗಿ ವೈದ್ಯರು ಪರೀಕ್ಷಿಸಿದರು.

"ಎಷ್ಟಮ್ಮ ವಯಸ್ಸು?" ಎಂದರಂತೆ.

"ನೀವೇ ನೋಡಿ ಹೇಳಿ ಡಾಕ್ಟ್ರೇ," ಎಂದಳಂತೆ ಇವಳು.

ಅವರು ಹಲ್ಲು ನೋಡಿದರು, ಎರಡು ಕೈಯ ಗಂಟು ಒತ್ತಿ ನೋಡಿದರು, ರಕ್ತದೊತ್ತಡ ನೋಡಿದರು, ಕುರ್ಚಿಯಿಂದ ಎದ್ದು ಕೂರಲು ಹೇಳಿದರು. ಎಲ್ಲ ಮುಗಿಸಿ ಕಾರ್ಡಿನ ಮೇಲೆ ಅರವತ್ತೆರಡು ಎಂದು ಬರೆದು ಸಹಿ ಮಾಡಿದರು. ಅವಳು ಒಂದು ಸುಳ್ಳನ್ನೂ ಹೇಳಲಿಲ್ಲ, ಮಾನ್ಯರೇ. ಅವಳ ಮೈ ಏನು ಹೇಳಿತೋ ಅದನ್ನು ತಮ್ಮ ವೈದ್ಯರು ಬರೆದುಕೊಂಡರು.

ಅದೇ ಸಾಲಿನಲ್ಲಿ ನನ್ನ ಹಳೆಯ ಗಿರಾಕಿಯೊಬ್ಬರು ಕೂತಿದ್ದರಂತೆ. ದೊಡ್ಡ ಕಂಪನಿಯಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಅರವತ್ತನಾಲ್ಕು ತುಂಬಿದೆ. ಅವರ ಹತ್ತಿರ ಪತ್ರ ಇತ್ತು, ಆದರೂ ಕೌಂಟರಿನವರು ನಂಬದೆ ಎರಡು ಸಲ ತೆಗೆಸಿ ನೋಡಿದರಂತೆ. "ಐವತ್ತಕ್ಕಿಂತ ಒಂದಿನ ಹೆಚ್ಚಿಗೆ ಕಾಣಲ್ಲ ಸಾರ್ ನೀವು," ಎಂದು ಹೊಗಳಿದರಂತೆ. ಅವರು ನಕ್ಕು, "ಕಣ್ಣಿಗೇನೂ ಆಗಿಲ್ಲಪ್ಪ, ಸುಮ್ಮನೆ ಒಂದ್ಸಲ ತೋರಿಸೋಣ ಅಂತ ಬಂದೆ," ಎಂದರಂತೆ. ಒಳ್ಳೆಯ ಮನುಷ್ಯ, ಎದ್ದು ನಿಂತು ನನ್ನ ಹೆಂಡತಿಗೆ ಕುರ್ಚಿ ಬಿಟ್ಟುಕೊಟ್ಟರು. "ಕೂತ್ಕೊಳ್ಳಿ ಅಜ್ಜಿ," ಎಂದರಂತೆ. ಅವಳಿಗಿಂತ ಹದಿನೇಳು ವರ್ಷ ದೊಡ್ಡವರು.

ಇನ್ನು ನನ್ನ ಘನಕಾರ್ಯವನ್ನು ಹೇಳಬೇಕು. ಎರಡನೇ ಸೂಜಿಗೆ ನಾನೇ ಕರೆದುಕೊಂಡು ಹೋದೆ. ಕಾರ್ಡಿನಲ್ಲಿ ಏನಿದೆಯೆಂದು ಅವಳು ನನಗೆ ಹೇಳಿರಲಿಲ್ಲ, ಯೋಜನೆ ಅರವತ್ತು ದಾಟಿದವರಿಗೆ ಮಾತ್ರ ಎಂಬುದನ್ನೂ ಹೇಳಿರಲಿಲ್ಲ. ನನ್ನ ಬಾಯಿ ಅವಳಿಗೆ ಗೊತ್ತು. ಕೌಂಟರಿನ ಗುಮಾಸ್ತರು ಕಾರ್ಡು ತೆಗೆದು, "ವಯಸ್ಸು ಅರವತ್ತೆರಡು, ಎಡಗಣ್ಣು, ಎರಡನೇದು," ಎಂದು ಓದಿಕೊಂಡು ಮೊಹರು ಎತ್ತಿದರು.

"ಅರವತ್ತೆರಡಲ್ಲ ಸಾರ್, ನಲವತ್ತೇಳು," ಎಂದೆ.

ಹೆಂಡತಿ ಹಿಂದಿನಿಂದ ನನ್ನ ಅಂಗಿ ಹಿಡಿದು ಜಗ್ಗಿದಳು.

"ಕಾರ್ಡಲ್ಲಿ ಹೀಗಿದೆಯಲ್ಲ ಯಜಮಾನ್ರೇ?"

"ಕಾರ್ಡು ತಪ್ಪು. ಈಗಲೇ ತಿದ್ದಿಬಿಡಿ, ಆಮೇಲೆ ತೊಂದರೆ ಆಗೋದು ಬೇಡ."

"ನಲವತ್ತೇಳು ಅನ್ನೋದಕ್ಕೆ ಆಧಾರ ಏನಿದೆ?"

ಇಷ್ಟು ಕೇಳಿದ್ದೇ ತಡ, ಅವಳನ್ನು ಬೆಂಚಿನ ಮೇಲೆ ಕೂರಿಸಿ, ಓಡಿಹೋಗಿ ಅಂಗಡಿಯಿಂದ ನನ್ನ ಅಳತೆ ಪುಸ್ತಕ ತಂದೆ. ನಾನು ಅಳತೆ ತೆಗೆದವರ ಪಕ್ಕದಲ್ಲಿ ತಾರೀಖು ಮತ್ತು ವಯಸ್ಸು ಬರೆಯುವುದು ರೂಢಿ. ನನ್ನ ಗುರುಗಳು ಕಿವಿ ಹಿಂಡಿ ಕಲಿಸಿದ್ದು. ಮದುವೆಯ ತಿಂಗಳಲ್ಲಿ ಅವಳಿಗೊಂದು ರವಿಕೆ ಹೊಲಿದಿದ್ದೆ, ವಯಸ್ಸು ಅವಳ ತಾಯಿ ಹೇಳಿದ್ದು. ಪುಟ ತೆರೆದು ತೋರಿಸಿದೆ: ವಯಸ್ಸು ಇಪ್ಪತ್ತೆರಡು, ಎದೆ ಮೂವತ್ತೆರಡು, ಇಂತಿಂಥ ತಾರೀಖು. ಲೆಕ್ಕ ಹಾಕಿ ನೋಡಿ ಎಂದು ಹೆಮ್ಮೆಯಿಂದ ಬೇರೆ ಹೇಳಿದೆ. ಗುಮಾಸ್ತರು ನನ್ನ ಮುಖವನ್ನೇ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಸುಮ್ಮನಿರೋಕೆ ಏನಾಗಿತ್ತು ನಿಮಗೆ?" ಎಂದರು. ಅಷ್ಟರಲ್ಲಿ ಪಕ್ಕದ ಮೇಜಿನವರಿಬ್ಬರು ಕೇಳಿಸಿಕೊಂಡಾಗಿತ್ತು. ಗುಮಾಸ್ತರು ಪಾಪ ಏನು ಮಾಡಿಯಾರು, ಪುಟದ ನಕಲು ತೆಗೆದು ಕಡತಕ್ಕೆ ಸೇರಿಸಿದರು. ತಮ್ಮ ನೋಟೀಸಿಗೆ ಇರುವ ಒಂದೇ ಒಂದು ಸಾಕ್ಷಿ ಅದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಮನೆಗೆ ಬರುವ ದಾರಿಯಲ್ಲಿ ರಸ್ತೆ ದಾಟುವಾಗ ನನ್ನ ತೋಳು ಹಿಡಿದುಕೊಂಡಿದ್ದವಳು, ದಾಟಿದ ಮೇಲೆ ಬಿಟ್ಟಳು. "ರೀ, ಕಾಲಿಂಚು ಹೆಚ್ಚುಕಮ್ಮಿ ಆದ್ರೂ ಬಿಚ್ಚಿ ಹೊಲೀತೀರಿ. ಇದನ್ನ ಬಿಚ್ಚಿ ಹೊಲೀರಿ, ನೋಡೋಣ," ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ನನ್ನ ಕಾಲ ಮೇಲೆ ನಾನೇ ಕಲ್ಲು ಹಾಕಿಕೊಂಡಿದ್ದರೆ ಕುಂಟುತ್ತಾದರೂ ಬದುಕುತ್ತಿದ್ದೆ, ಕಲ್ಲನ್ನು ಹಾಕಿದ್ದು ಅವಳ ಕಣ್ಣಿಗೆ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ, ಇದನ್ನು ಬರೆಯಲು ನಾಚಿಕೆಯೂ ಇಲ್ಲ.

ಆದರೆ ಮಾನ್ಯರೇ, ಒಂದು ವಿಷಯದಲ್ಲಿ ತಾವು ಸಿಕ್ಕಿಹಾಕಿಕೊಂಡಿದ್ದೀರಿ. ತಮ್ಮ ವೈದ್ಯರ ಪರೀಕ್ಷೆಯನ್ನು ಬದಿಗೊತ್ತಿ, ಒಬ್ಬ ಬೀದಿ ದರ್ಜಿಯ ಅಳತೆ ಪುಸ್ತಕವನ್ನು ತಾವು ಸತ್ಯವೆಂದು ಒಪ್ಪಿಕೊಂಡಿದ್ದೀರಿ. ಬಹಳ ಸಂತೋಷ. ಒಂದು ಪುಟವನ್ನು ನಂಬಿದವರು ಉಳಿದ ಪುಟಗಳನ್ನೂ ನಂಬಬೇಕಾಗುತ್ತದೆ. ಅಂಥ ಪುಸ್ತಕಗಳು ನನ್ನಲ್ಲಿ ಹನ್ನೊಂದಿವೆ.

ತಮ್ಮ ಯೋಜನೆಯ ಕಿರುಹೊತ್ತಗೆಯ ಮುನ್ನುಡಿಯಲ್ಲಿ ತಾವೇ ಬರೆದಿದ್ದೀರಿ: "ವೃದ್ಧಾಪ್ಯವು ಬಡವ ಬಲ್ಲಿದ ಎಂಬ ಭೇದವೆಣಿಸದೆ ಎಲ್ಲರ ಬಾಗಿಲನ್ನೂ ಒಂದೇ ಸಮನೆ ತಟ್ಟುತ್ತದೆ." ಎಂಥ ಚೆಂದದ ವಾಕ್ಯ. ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಬೇಕು ಅನ್ನಿಸುವಂಥದ್ದು. ನನ್ನ ಪುಸ್ತಕಗಳಲ್ಲಿ ಅದು ಹಾಗೆ ತಟ್ಟಿದ್ದು ಕಾಣುವುದಿಲ್ಲ, ಅಷ್ಟೇ. ಕೆಲವರ ಬಾಗಿಲನ್ನು ತಟ್ಟಿ, ಹೊರಗೆ ಕಾದು ನಿಂತಿರುತ್ತದೆ. ಕೆಲವರ ಮನೆಗೆ ಬಾಗಿಲು ಒದ್ದುಕೊಂಡೇ ಬರುತ್ತದೆ, ಅದೂ ಹೇಳಿದ್ದಕ್ಕಿಂತ ಹದಿನೈದು ವರ್ಷ ಮೊದಲೇ.

ಶಾಲೆಯ ಮಕ್ಕಳಿಂದಲೇ ನೋಡಿ. ಬೆಟ್ಟದ ಕಡೆಯ ಫೀಸು ಕಟ್ಟುವ ಶಾಲೆಗೂ, ಗೋದಾಮಿನ ಪಕ್ಕದ ಪುಕ್ಕಟೆ ಶಾಲೆಗೂ ನಾನೇ ಸಮವಸ್ತ್ರ ಹೊಲಿಯುವವನು. ನಾಲ್ಕು ವರ್ಷದ ಮಕ್ಕಳಲ್ಲಿ ಎದೆಯ ಅಳತೆಗೆ ಮುಕ್ಕಾಲು ಇಂಚು ವ್ಯತ್ಯಾಸ. ಹತ್ತು ವರ್ಷಕ್ಕೆ ಎರಡೂವರೆ. ಪುಕ್ಕಟೆ ಶಾಲೆಯ ತಾಯಂದಿರು ಪ್ರತಿ ವರ್ಷ, "ಬೆಳೆಯೋ ಮಗು ಅಣ್ಣ, ಒಳಗೆ ಬಟ್ಟೆ ಬಿಡಿ, ಮುಂದಿನ ವರ್ಷ ಬಿಚ್ಚಿಕೊಳ್ತೀವಿ," ಎನ್ನುತ್ತಾರೆ. ನಾನು ಬಿಡುತ್ತೇನೆ. ಮುಂದಿನ ವರ್ಷ ಅದೇ ಅಂಗಿ ರಿಪೇರಿಗೆ ಬರುತ್ತದೆ, ಮೊಣಕೈ ಹರಿದಿರುತ್ತದೆ, ಕಾಲರು ಸವೆದಿರುತ್ತದೆ. ಒಳಗೆ ಬಿಟ್ಟ ಬಟ್ಟೆ ಮಾತ್ರ ಹಾಗೇ ಹೊಸದಾಗಿ ಮಡಿಚಿಕೊಂಡಿರುತ್ತದೆ, ಬಿಚ್ಚುವ ಪ್ರಸಂಗವೇ ಬಂದಿರುವುದಿಲ್ಲ.

ಒಂದು ವರ್ಷ ಮೇಲಿನವರು, ತಮ್ಮ ಇಲಾಖೆಯಲ್ಲ, ತಮ್ಮ ಇಲಾಖೆಯ ದಾಯಾದಿ ಇಲಾಖೆ, ಒಂದು ಪಟ್ಟಿ ಕಳಿಸಿ ಅಳತೆ ತೆಗೆಯಬೇಕಿಲ್ಲ, ವಯಸ್ಸಿಗೆ ತಕ್ಕಂತೆ ಇದರ ಪ್ರಕಾರ ಹೊಲಿಯಿರಿ ಎಂದರು. ಹೊಲಿದೆ. ಪುಕ್ಕಟೆ ಶಾಲೆಯಲ್ಲಿ ಅಂಗಿ ಹಾಕಿಕೊಂಡು ನಿಂತ ಮಕ್ಕಳ ಕೈ ತೋಳಿನೊಳಗೇ ಮಾಯವಾಯಿತು. ದೊಡ್ಡ ಮೇಡಂ ಎಲ್ಲವನ್ನೂ ಮೂಟೆ ಕಟ್ಟಿ ವಾಪಸು ಕಳಿಸಿದರು. ತನಿಖೆಗೆ ಇಬ್ಬರು ಬಂದರು. ಪಟ್ಟಿ ಇಟ್ಟುಕೊಂಡು ಅಂಗಿಗಳನ್ನು ಅಳೆದರು, ಚಡ್ಡಿಗಳನ್ನು ಅಳೆದರು, ಎಲ್ಲ ಸರಿಯಾಗಿದೆ ಎಂದು ಬರೆದುಕೊಟ್ಟು, ಚಹಾ ಕುಡಿದು ಹೋದರು. ಮಕ್ಕಳನ್ನು ಯಾರೂ ಅಳೆಯಲಿಲ್ಲ. ನಾನು ಒಂದೊಂದೇ ಅಂಗಿ ಬಿಚ್ಚಿ ಚಿಕ್ಕದು ಮಾಡಿದೆ.

ಆ ಮಕ್ಕಳು ದೊಡ್ಡವರಾಗಿ ಮತ್ತೆ ನನ್ನ ಹತ್ತಿರವೇ ಬರುತ್ತಾರೆ. ಇಪ್ಪತ್ತರ ಸುಮಾರಿಗೆ ಎಲ್ಲರೂ ಚೆನ್ನಾಗಿಯೇ ಕಾಣುತ್ತಾರೆ, ಯೌವನ ದೊಡ್ಡ ಮೋಸಗಾರ. ಕತ್ತೆಗೂ ಅಂದ ಕೊಡುತ್ತದೆ ಎನ್ನುತ್ತಾರಲ್ಲ. ಅಂತರ ಕಣ್ಣಿಗೆ ರಾಚುವುದು ಮೂವತ್ತೈದರ ನಂತರ. ಮೂಟೆ ಹೊರುವವರ ಒಂದು ಭುಜ ಇಳಿಯುತ್ತದೆ. ಅಗ್ಗದ್ದನ್ನೇ ತಿಂದು ಹೊಟ್ಟೆ ತುಂಬಿಸಿಕೊಂಡವರ ಕೈಕಾಲು ಕಡ್ಡಿಯಾಗಿ ಹೊಟ್ಟೆ ಮಾತ್ರ ಮುಂದೆ ಬರುತ್ತದೆ, ಅವರಲ್ಲಿ ಅರ್ಧ ಜನರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಡಾಕ್ಟರಿಗಿಂತ ಮೊದಲು ನನ್ನ ಟೇಪಿಗೆ ಗೊತ್ತಾಗುತ್ತದೆ. ಬೆನ್ನು ಬಾಗಿದರೆ ಅಂಗಿಯ ಹಿಂಭಾಗವನ್ನು ಮುಂಭಾಗಕ್ಕಿಂತ ಉದ್ದ ಹೊಲಿಯಬೇಕು, ಇಲ್ಲವಾದರೆ ಹಿಂದೆ ಮೇಲಕ್ಕೆ ಎತ್ತುತ್ತದೆ. ನನ್ನ ಹೆಂಡತಿಗೆ ಆ ವ್ಯತ್ಯಾಸ ಒಂದೂಕಾಲು ಇಂಚು. ಮ್ಯಾನೇಜರ ಪುಟ ತೆಗೆದು ನೋಡಿದೆ, ಕಾಲಿಂಚು. ಅವರ ಸೊಂಟ ಇಪ್ಪತ್ತಾರು ವರ್ಷದಿಂದ ಮೂವತ್ತನಾಲ್ಕನ್ನು ದಾಟಿಲ್ಲ. ಹೋದ ಸಲ ಪ್ಯಾಂಟಿಗೆ ಅಳತೆ ಕೊಡುತ್ತಾ ಅದರ ಗುಟ್ಟನ್ನೂ ಹೇಳಿದರು: "ನಾನು ಯಾವತ್ತೂ ಹೊಟ್ಟೆ ಬಿರಿಯ ಉಣ್ಣಲ್ಲಪ್ಪ. ಬೆಳಗ್ಗೆ ಒಂದು ಗಂಟೆ ಈಜು. ಮಧ್ಯಾಹ್ನ ಸ್ವಲ್ಪ ನಿದ್ದೆ. ನೀವೂ ಅಭ್ಯಾಸ ಮಾಡ್ಕೊಳ್ಳಿ." ಮೊದಲನೆಯದು ನಮಗೆ ಆಗಲೇ ಅಭ್ಯಾಸವಾಗಿದೆ ಎಂದೆ. ಅವರು ಮನಸ್ಸು ಬಿಚ್ಚಿ ನಕ್ಕರು, ನಾನೂ ನಕ್ಕೆ.

ಪುಸ್ತಕದಲ್ಲಿ ಒಂದು ವಿಚಿತ್ರವನ್ನೂ ತಮ್ಮ ಗಮನಕ್ಕೆ ತರಬೇಕು, ತಮ್ಮ ಮುನ್ನುಡಿಗೆ ಅದು ಅನುಕೂಲವಾದೀತು. ಎಪ್ಪತ್ತು ದಾಟಿದವರಲ್ಲಿ ಬಡವರ ಅಳತೆಗೂ ಉಳ್ಳವರ ಅಳತೆಗೂ ಅಷ್ಟೇನೂ ಅಂತರ ಕಾಣುವುದಿಲ್ಲ. ಮೊದಮೊದಲು ನನಗೂ ಆಶ್ಚರ್ಯವಾಯಿತು. ಕೊನೆಗಾಲದಲ್ಲಾದರೂ ದೇವರು ಸಮ ಮಾಡಿದನೇ ಅಂದುಕೊಂಡೆ. ಆಮೇಲೆ ಒಂದು ಭಾನುವಾರ ಕೂತು ಹಳೆಯ ಹೆಸರುಗಳನ್ನು ಹುಡುಕಿದೆ. ಗೋದಾಮಿನ ಹಮಾಲರು, ಬಣ್ಣ ಬಳಿಯುವವರು, ಪಾತ್ರೆ ತೊಳೆಯುವ ಹೆಂಗಸರು, ನನ್ನದೇ ಗುರುಗಳು, ಇವರ್ಯಾರೂ ಎಪ್ಪತ್ತರ ಪುಟದವರೆಗೆ ಬಂದೇ ಇಲ್ಲ. ಐವತ್ತೈದು, ಐವತ್ತೆಂಟು, ಅಲ್ಲಿಗೆ ಅವರ ಅಳತೆ ನಿಂತಿದೆ. ಬಂದ ನಾಲ್ಕಾರು ಜನ ಕಬ್ಬಿಣದಂಥವರು. ತಮ್ಮ ಯೋಜನೆ ಕಾದು ಕೂತಿರುವುದು ಆ ನಾಲ್ಕಾರು ಜನರಿಗೆ, ಮತ್ತೆ ಮ್ಯಾನೇಜರಿಗೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರೂ ಇಷ್ಟು ಯೋಚನೆ ಇಲ್ಲದೆ ಕೆಲಸ ಮಾಡಲಾರರು.

ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕಲ್ಲ ಎಂದು ತಾವು ಕೇಳಬಹುದು. ನಿಜ, ನಾನೂ ದಿನಕ್ಕೆ ನೂರು ಗೆರೆ ಎಳೆಯುವವನು. ಗೆರೆ ಎಳೆಯದೆ ಕತ್ತರಿ ಆಡಿಸಿದರೆ ಬಟ್ಟೆ ದಂಡ. ಆದರೆ ಯಾವ ದರ್ಜಿಯೂ ಗಿರಾಕಿಯ ಮೈಗೆ ಟೇಪು ಹಿಡಿಯದೆ ಸೀಮೆಸುಣ್ಣ ಕೈಗೆತ್ತಿಕೊಳ್ಳುವುದಿಲ್ಲ. ತಮ್ಮ ಅರ್ಜಿಯಲ್ಲಿ ಮನೆಯ ವರಮಾನಕ್ಕೂ ಒಂದು ಕಾಲಂ ಇದೆ. ಇಪ್ಪತ್ತೊಂದನೆಯದು, ಕಡೆಯದು, ಪಕ್ಕದಲ್ಲಿ "ಇಷ್ಟವಿದ್ದಲ್ಲಿ ತುಂಬಿ" ಎಂದು ಬರೆದಿದೆ. ಒಬ್ಬ ಹೆಂಗಸಿನ ಕಣ್ಣು ನಲವತ್ತೇಳಕ್ಕೆ ಯಾಕೆ ಹೋಯಿತೆಂದು ಹೇಳುವ ಒಂದೇ ಕಾಲಂ ಅದು. ಅದನ್ನು ಇಷ್ಟವಿದ್ದವರಿಗೆ ಬಿಟ್ಟು, ಅವಳು ಯಾವತ್ತು ಹುಟ್ಟಿದಳು ಎಂಬುದಕ್ಕೆ ಮೂರು ದಾಖಲೆ ಕೇಳುತ್ತೀರಿ. ತಮ್ಮ ವೈದ್ಯರು ಅವಳ ಗಂಟು ಒತ್ತಿ ನೋಡಿ ಅರವತ್ತೆರಡು ಎಂದದ್ದು ತಪ್ಪೆಂದು ನನಗೆ ಈಗ ಅನ್ನಿಸುವುದಿಲ್ಲ. ಅವತ್ತು ಕೌಂಟರಿನಲ್ಲಿ ಅನ್ನಿಸಿತ್ತು. ನಾನು ಎಣಿಸಿದ್ದು ವರ್ಷಗಳನ್ನು, ಅವರು ನೋಡಿದ್ದು ಅವಳನ್ನು.

ಹಾಗಾದರೆ ನನಗೇನು ಬೇಕು? ಅರವತ್ತರ ನಿಯಮ ತಿದ್ದುವುದಕ್ಕೆ ಸಭೆ ಬೇಕು, ಸಭೆಗೆ ಸಮಿತಿ ಬೇಕು, ಸಮಿತಿಗೆ ಕಾಲ ಬೇಕು ಎಂಬುದು ನನಗೂ ತಿಳಿದಿದೆ. ಕರೆದರೆ ಹನ್ನೊಂದು ಪುಸ್ತಕವನ್ನೂ ತಲೆಯ ಮೇಲೆ ಹೊತ್ತು ತರುತ್ತೇನೆ. ಇಪ್ಪತ್ತೊಂದನೆಯ ಕಾಲಂ ಮೇಲಕ್ಕೆ ಬರಲಿ, ವರಮಾನ ಕಡಿಮೆಯಿದ್ದ ಮನೆಯವರಿಗೆ ನಲವತ್ತಕ್ಕೇ ರಕ್ತ, ಕಣ್ಣು ನೋಡುವಂತಾಗಲಿ ಎಂದು ವಾದಿಸುತ್ತೇನೆ. ನನ್ನ ಬಾಯಿ ಒಮ್ಮೆ ಕೆಡಿಸಿದ್ದನ್ನು ಇನ್ನೊಮ್ಮೆ ಕಟ್ಟಲಿ.

ಆದರೆ ಅವಳ ಕಣ್ಣಿಗೆ ಸಮಿತಿ ಗೊತ್ತಿಲ್ಲ. ಎರಡನೇ ಸೂಜಿಯ ದಿನ ಕಳೆದು ಇವತ್ತಿಗೆ ಹನ್ನೊಂದು ದಿನ. ಧರ್ಮಾಸ್ಪತ್ರೆಯ ಡಾಕ್ಟರಮ್ಮನನ್ನು ಮತ್ತೆ ಕೇಳಿದೆ. "ಈ ವಾರ ಹಾಕಿದರೆ ಉಳಿಯಬಹುದು. ಹತ್ತು ವಾರ ಅಂದ್ರೆ ನಾನು ಏನೂ ಹೇಳಲ್ಲ," ಎಂದು ಮುಖ ಆ ಕಡೆ ತಿರುಗಿಸಿದರು. ಹೆಂಡತಿ ಈಗ ಬಿಳಿ ಅಂಗಿಯನ್ನೂ ಮುಟ್ಟುವುದಿಲ್ಲ. ಸ್ಟೂಲಿನ ಮೇಲೆ ಕೂತು ಕೈಯಲ್ಲಿ ತಡವಿ ಗುಂಡಿಗಳನ್ನು ಬೇರೆ ಮಾಡುತ್ತಾಳೆ, ನಾಲ್ಕು ತೂತಿನವು ಒಂದು ಡಬ್ಬಿಗೆ, ಎರಡು ತೂತಿನವು ಇನ್ನೊಂದಕ್ಕೆ. ನಾನು ನೋಡುತ್ತಿಲ್ಲ ಎಂದುಕೊಂಡಾಗ ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ತೆಗೆದು, ಮತ್ತೆ ಮುಚ್ಚಿ, ಎಡಗಣ್ಣಿನಲ್ಲಿ ಎಷ್ಟು ಉಳಿದಿದೆ ಎಂದು ಪರೀಕ್ಷೆ ಮಾಡಿಕೊಳ್ಳುತ್ತಾಳೆ.

ಆದ್ದರಿಂದ ಕೇಳುತ್ತೇನೆ, ಬೇಡುತ್ತೇನೆ ಎಂದೇ ತಿಳಿಯಿರಿ: ಸೂಜಿ ಮೊದಲು ಹಾಕಿಸಿ, ವಿಚಾರಣೆ ಆಮೇಲೆ ಮಾಡಿ. ತಪ್ಪೆಂದು ಕಂಡರೆ ಯಾವ ಶಿಕ್ಷೆ ಬೇಕೋ ಅದನ್ನು ನನಗೆ ಕೊಡಿ, ತಕರಾರಿಲ್ಲ. ಹತ್ತು ವಾರ ಕಳೆದ ದಿನ, ಹೇಳಿದ ಹೊತ್ತಿಗೆ ಸರಿಯಾಗಿ, ಅವಳನ್ನು ತಮ್ಮ ಕೊಠಡಿಗೆ ಕರೆತರುತ್ತೇನೆ. ತಾವು ಕೇಳಿದ್ದಕ್ಕೆಲ್ಲ ಅವಳೇ ಉತ್ತರ ಕೊಡುತ್ತಾಳೆ. ತಾವು ಯಾವ ಕಡೆ ಕೂತಿದ್ದೀರಿ ಎಂದು ಮಾತ್ರ ನಾನು ಅವಳಿಗೆ ಹೇಳಿಕೊಡುವಂತಾಗದಿರಲಿ.

ಇಂತಿ,
ಹೆಂಡತಿಯ ವಯಸ್ಸನ್ನು ಸರಿಯಾಗಿ ಹೇಳಿ ಕೆಟ್ಟ,
ಬಸ್ ನಿಲ್ದಾಣದ ಹಿಂದಿನ ಬೀದಿಯ ದರ್ಜಿ